ಐವತ್ತು ಕೆಬಿಯ ಸಹಿ

ಕಳೆದ ತಿಂಗಳು ಅಕ್ಕನ ಮಗ ಒಂದೇ ಸಂಜೆ ಎರಡು ಬಗೆಯ ಉದ್ಯೋಗಗಳಿಗೆ ಅರ್ಜಿ ಹಾಕುವುದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ಮೊದಲಿಗೆ ಖಾಸಗಿ ಉದ್ಯೋಗ ಜಾಲತಾಣವೊಂದನ್ನು ತೆರೆದ. ನನ್ನ ಲೋಟದ ಕಾಫಿ ಆರುವ ಮೊದಲೇ ಹನ್ನೊಂದು ಕಂಪನಿಗಳಿಗೆ ಅವನ ಅರ್ಜಿ ಹೋಗಿತ್ತು. ಆಮೇಲೆ ಸರ್ಕಾರಿ ಹುದ್ದೆಯೊಂದರ ಅರ್ಜಿಗೆ ಕೈಹಾಕಿದ. ಅದು ಮುಗಿಯುವಾಗ ರಾತ್ರಿ ಹನ್ನೊಂದೂವರೆ.

ಮೊದಲನೆಯದು ಸರಳ, ಆದ್ದರಿಂದ ಒಳ್ಳೆಯದು, ಎರಡನೆಯದು ಜಟಿಲ, ಆದ್ದರಿಂದ ಕೆಟ್ಟದ್ದು ಎಂದು ತೀರ್ಪು ಕೊಡುವುದು ಸುಲಭ. ನನಗೆ ಹಾಗೆ ಅನಿಸಲಿಲ್ಲ. ಸರ್ಕಾರಿ ಅರ್ಜಿಯ ಅನೇಕ ಅಂಕಣಗಳ ಹಿಂದೆ ಒಂದೊಂದು ಹಕ್ಕು ನಿಂತಿರುತ್ತದೆ. ಪ್ರವರ್ಗ ಯಾವುದು, 2ಎ ಯೋ 3ಬಿ ಯೋ. ಒಂದರಿಂದ ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲೋ, ಗ್ರಾಮೀಣ ಪ್ರದೇಶದಲ್ಲೋ. 2012ರ 98ನೇ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ಅಭ್ಯರ್ಥಿಯೋ ಅಲ್ಲವೋ: ಇವನ್ನೆಲ್ಲ ಕೇಳದೆ ಬಿಟ್ಟರೆ ಅರ್ಜಿ ಚಿಕ್ಕದಾಗುತ್ತದೆ, ಆದರೆ ಯಾದಗಿರಿಯ ಹಳ್ಳಿಯೊಂದರಲ್ಲಿ ಓದಿದ ಹುಡುಗಿಗೆ ಸಿಗಬೇಕಾದ ಮೀಸಲಾತಿ ಅಲ್ಲೇ ತಪ್ಪಿಹೋಗುತ್ತದೆ. ಆ ಜಟಿಲತೆಗೆ ಅರ್ಥವಿದೆ, ಅದನ್ನು ನಾನು ಸಹಿಸುತ್ತೇನೆ.

ಸಹಿಸಲಾಗದ್ದು ಬೇರೆ ಇದೆ. ಜಾತಿ ಪ್ರಮಾಣಪತ್ರವನ್ನು ಕೊಟ್ಟಿದ್ದು ನಾಡಕಚೇರಿಯ ಕಂಪ್ಯೂಟರೇ, ಅದರ ಮೇಲಿನ ಆರ್‌ಡಿ ಸಂಖ್ಯೆಯಿಂದ ಎಲ್ಲ ವಿವರವೂ ಸರ್ಕಾರಕ್ಕೆ ಸಿಗುತ್ತದೆ. ಆದರೂ ಆ ಸಂಖ್ಯೆಯನ್ನು ತುಂಬಬೇಕು, ಅದರಲ್ಲಿರುವ ಹೆಸರನ್ನು ಮತ್ತೆ ಟೈಪಿಸಬೇಕು, ಕೊನೆಗೆ ಅದೇ ಪತ್ರವನ್ನು ಸ್ಕ್ಯಾನ್ ಮಾಡಿ ಏರಿಸಬೇಕು. ಇನ್ನು ಸಹಿಯ ಕಥೆ. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಸಹಿ ಹಾಕಿ ಫೋನಿನಲ್ಲಿ ಫೋಟೋ ತೆಗೆದ. ಮೂರು ಎಂಬಿ ಬಂತು. ಇರಬೇಕಾದದ್ದು 50 ಕೆಬಿಗಿಂತ ಕಡಿಮೆ. ವಾಟ್ಸ್ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡು ಇಳಿಸಿದ, 92 ಆಯಿತು. ಅಂಚು ಕತ್ತರಿಸಿ ಮತ್ತೆ ಕುಗ್ಗಿಸಿದರೆ 18ಕ್ಕೆ ಇಳಿಯಿತು. ಆಗ ತಿಳಿಯಿತು, 20ಕ್ಕಿಂತ ಕಡಿಮೆಯೂ ಇರಬಾರದಂತೆ. ಅಷ್ಟರಲ್ಲಿ ಪುಟದ ಅವಧಿ ಮುಗಿದು ಮತ್ತೆ ಲಾಗಿನ್ ಕೇಳಿತು, ಒಟಿಪಿ ಹೋದದ್ದು ಊರಿನಲ್ಲಿ ಆಗಲೇ ಮಲಗಿದ್ದ ಭಾವನ ಫೋನಿಗೆ. ಕುಗ್ಗಿಸುವ ಕೆಲಸವನ್ನು ಯಂತ್ರವೇ ಮಾಡಬಹುದಲ್ಲ ಎಂದು ಅವನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸೈಬರ್ ಸೆಂಟರಿನವರು ಇದಕ್ಕೇ ದುಡ್ಡು ತೆಗೆದುಕೊಳ್ಳುತ್ತಾರೆ; ಅವರನ್ನು ದೂರುವಂತಿಲ್ಲ.

ಖಾಸಗಿಯವರ ನಮೂನೆಗಳೂ ಸಾಚಾ ಅಲ್ಲ. ರೆಸ್ಯೂಮೆ ಏರಿಸಿದ ಮೇಲೆ ಅದರಲ್ಲಿರುವುದನ್ನೇ ಪೆಟ್ಟಿಗೆ ಪೆಟ್ಟಿಗೆಯಾಗಿ ಮತ್ತೆ ತುಂಬಿಸುವ ತಾಣಗಳನ್ನು ಕಂಡವರಿಗೆ ಇದು ಗೊತ್ತು. ಅದಕ್ಕಿಂತ ಕಿರಿಕಿರಿಯ ಸಂಗತಿ ‘ಲಾಸ್ಟ್ ನೇಮ್’ ಎಂಬ ಕಡ್ಡಾಯ ಪೆಟ್ಟಿಗೆ. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ತನ್ನ ಹೆಸರು ಎಂದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೆಸಿಕೊಂಡು ಬಂದ ನಮ್ಮಲ್ಲಿ ಎಷ್ಟೋ ಜನಕ್ಕೆ ಕೊನೆಯ ಹೆಸರೆಂಬುದೇ ಇಲ್ಲ. ಒಬ್ಬರು ಅಲ್ಲಿ ಚುಕ್ಕಿ ಇಡುತ್ತಾರೆ, ಇನ್ನೊಬ್ಬರು ತಮ್ಮ ಹೆಸರನ್ನೇ ಎರಡು ಸಲ ಬರೆಯುತ್ತಾರೆ, ಮತ್ತೊಬ್ಬರು ಅಪ್ಪನ ಪೂರ್ತಿ ಹೆಸರು ಹಾಕಿ, ಕೆಲಸ ಸಿಕ್ಕ ಮೇಲೆ ಆಧಾರ್‌ನೊಂದಿಗೆ ಹೆಸರು ತಾಳೆಯಾಗದೆ ಅಫಿಡವಿಟ್ಟಿಗೆ ನೋಟರಿಯ ಹತ್ತಿರ ಓಡುತ್ತಾರೆ. ಎರಡೇ ಪೆಟ್ಟಿಗೆ ಇಟ್ಟವನಿಗೆ ಅದು ಸರಳವಾಗಿಯೇ ಕಂಡಿರಬೇಕು.

ಇನ್ನು ಆ ಒಂದೇ ಗುಂಡಿಯ ಅರ್ಜಿ. ನೌಕ್ರಿ ಡಾಟ್ ಕಾಮ್ 1997ರಲ್ಲಿ, ಲಿಂಕ್ಡ್‌ಇನ್ 2003ರಲ್ಲಿ ಶುರುವಾದಾಗ, ಕೆಲಸ ಎಲ್ಲಿದೆ ಎಂದು ಗೊತ್ತಾಗುವುದೇ ಬಹಳ ಜನಕ್ಕೆ ದೊಡ್ಡ ಅನುಕೂಲವಾಗಿತ್ತು. ಈಗ ಅರ್ಜಿ ಹಾಕುವುದಕ್ಕೆ ಶ್ರಮವೇ ಬೇಡವಾದ್ದರಿಂದ ಎಲ್ಲರೂ ಎಲ್ಲದಕ್ಕೂ ಹಾಕುತ್ತಾರೆ. ಬಂದ ರಾಶಿಯನ್ನು ಓದಲಾರದೆ ಕಂಪನಿಗಳು ಪದ ಹುಡುಕುವ ತಂತ್ರಾಂಶವನ್ನು ಕೂರಿಸುತ್ತವೆ. ಅದನ್ನು ದಾಟಲು ಹುಡುಗರು ತಮಗೆ ಬಾರದ ವಿದ್ಯೆಯ ಹೆಸರನ್ನೂ ರೆಸ್ಯೂಮೆಗೆ ತುರುಕುತ್ತಾರೆ. ಅದನ್ನು ಸೋಸಲು ಮತ್ತೆ ಆನ್‌ಲೈನ್ ಪರೀಕ್ಷೆ, ಕ್ಯಾಮೆರಾದ ಮುಂದೆ ಒಬ್ಬನೇ ಕುಳಿತು ಮಾತಾಡಿ ಕಳಿಸಬೇಕಾದ ವಿಡಿಯೋ. ಹೊಸ್ತಿಲಿನಲ್ಲಿ ತೆಗೆದ ತೊಡಕನ್ನು ನಡುಮನೆಗೆ ತಂದು ಹಾಕಿದಂತಾಯಿತು.

ವಾರ ಕಳೆದ ಮೇಲೆ ಆ ಹನ್ನೊಂದರಲ್ಲಿ ಒಂದು ಕಂಪನಿಯಿಂದ ಫೋನ್ ಬಂತು. ಯಾವ ಹುದ್ದೆಗೆ ಹಾಕಿದ್ದೀರಿ ಎಂದು ಆ ಕಡೆಯವರು ಕೇಳಿದರೆ ಇವನಿಗೆ ಕಂಪನಿಯ ಹೆಸರೇ ನೆನಪಿಲ್ಲ. ತಡವರಿಸುತ್ತಿದ್ದಂತೆ ಅವರೇ ಫೋನ್ ಇಟ್ಟರು. ಸರ್ಕಾರಿ ಅರ್ಜಿಯ ಸ್ವೀಕೃತಿಯನ್ನು ಮಾತ್ರ ಎರಡು ಪ್ರತಿ ಪ್ರಿಂಟ್ ತೆಗೆಸಿ, ಒಂದನ್ನು ಅಂಕಪಟ್ಟಿಗಳ ಪ್ಲಾಸ್ಟಿಕ್ ಕವರಿನಲ್ಲಿ, ಇನ್ನೊಂದನ್ನು ನಮ್ಮ ಮನೆಯ ಬೀರುವಿನಲ್ಲಿ ಇಟ್ಟು ಹೋಗಿದ್ದಾನೆ. ಸಹಿ ಕೊನೆಗೆ 43 ಕೆಬಿಗೆ ಒಪ್ಪಿಗೆಯಾಗಿತ್ತು.