ಅಪ್ಪಯ್ಯನ ಹಬ್ಬದ ಎಣ್ಣೆಸ್ನಾನ

ದೀಪಾವಳಿಯ ಹಿಂದಿನ ಸಂಜೆ ಹಂಡೆಗೆ ನೀರು ತುಂಬುತ್ತಿದ್ದಾಗ ಅಪ್ಪಯ್ಯ, "ಈ ಸಲ ನನಗೆ ಎಣ್ಣೆಸ್ನಾನ ಬೇಡ" ಎಂದುಬಿಟ್ಟರು. ಕರುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಹೊಟ್ಟೆಯ ಬಲಬದಿಗೆ ಇಲಿಯಾಸ್ಟಮಿ ಚೀಲವಿದೆ. ಹೊಟ್ಟೆಯ ಹೊರಗೆ ತಂದಿರುವ ಸಣ್ಣಕರುಳಿನ ತುದಿಯಿಂದ ಬರುವ ಮಲ ಅದರಲ್ಲಿ ಸೇರುತ್ತದೆ. ನಂಟರ ಮದುವೆಯೊಂದರಲ್ಲಿ ಅದು ಸೋರಿ, ಊಟದ ಪಂಕ್ತಿಯಿಂದ ಎದ್ದುಬಂದವರು ತೀರ್ಥಹಳ್ಳಿ ಪೇಟೆಯ ಮುಖವನ್ನೇ ನೋಡಿರಲಿಲ್ಲ.

ಸೋರಿಕೆಯ ಮೂಲ ತೋರಿಸಿಕೊಟ್ಟವರು ಶಿವಮೊಗ್ಗದ ಒಬ್ಬ ನರ್ಸ್. "ಕಿತ್ತ ಪ್ಲೇಟನ್ನು ಎಸೆಯುವ ಮೊದಲು ಹಿಂಬದಿ ನೋಡಿ" ಎಂದರು. ಚೀಲವನ್ನು ಚರ್ಮಕ್ಕೆ ಹಿಡಿದಿಡುವ ಅಂಟುಬಿಲ್ಲೆಯೇ ಈ ಪ್ಲೇಟು. ನೋಡಿದರೆ ಕೆಳಗಿನ ಅಂಚಿನಲ್ಲಿ ಮಾತ್ರ ಅಂಟು ನೆನೆದ ಅವಲಕ್ಕಿಯಂತೆ ಬೆಳ್ಳಗೆ ಉಬ್ಬಿತ್ತು. ಅಪ್ಪಯ್ಯ ಕುಳಿತಾಗ ಹೊಟ್ಟೆ ಮಡಿಚುವುದು ಸರಿಯಾಗಿ ಅಲ್ಲಿಯೇ. ಶಸ್ತ್ರಚಿಕಿತ್ಸೆಯ ನಂತರದ ಆರೆಂಟು ವಾರಗಳಲ್ಲಿ ಸ್ಟೋಮಾದ, ಅಂದರೆ ಹೊರಗೆ ಕಾಣುವ ಆ ಕರುಳಿನ ತುದಿಯ, ಊತ ಇಳಿಯುತ್ತದೆ. ಪ್ಲೇಟಿನ ತೂತನ್ನು ಹಳೆಯ ಅಳತೆಗೇ ಕತ್ತರಿಸುತ್ತಿದ್ದರೆ ಸುತ್ತಲ ಚರ್ಮ ಬಯಲಾಗುತ್ತದೆ. ಸಣ್ಣಕರುಳಿನಿಂದ ಬರುವುದರಲ್ಲಿ ಜೀರ್ಣರಸವಿರುವುದರಿಂದ ಚರ್ಮ ಸುಡುತ್ತದೆ, ಸುಟ್ಟ ಚರ್ಮ ಒಸರುತ್ತದೆ, ಒಸರುವ ಚರ್ಮಕ್ಕೆ ಪ್ಲೇಟು ಹಿಡಿಯುವುದಿಲ್ಲ. ಮೇಲಿಂದ ಟೇಪು ಅಂಟಿಸಿದರೆ ಹೊಲಸು ಒಳಗೇ ನಿಂತು ಇನ್ನಷ್ಟು ಕೆಡಿಸುತ್ತದೆ. ಬಹಳ ಮನೆಗಳಲ್ಲಿ ನಾಚಿಕೆಗೆ ಅದನ್ನೇ ಮಾಡುತ್ತಾರೆ ಎಂಬುದು ನನಗೆ ಸಂಕಟದ ಸಂಗತಿ. ಅಂದಿನಿಂದ ಮತ್ತೆ ಅಳೆದು, ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸತೊಡಗಿದೆವು. ಮಡಿಕೆಯ ತಗ್ಗಿಗೆ ಪೇಸ್ಟ್ ತುಂಬುತ್ತೇವೆ. ಅದು ತಗ್ಗು ಮುಚ್ಚಲಿಕ್ಕೆ ಇರುವುದು, ಅಂಟಿಸಲಿಕ್ಕಲ್ಲ.

ಹಾಗಿದ್ದರೂ ಎಣ್ಣೆ ಎಂದರೆ ಅಪ್ಪಯ್ಯನಿಗೆ ದಿಗಿಲು. ಅದು ಸುಮ್ಮನೆ ಹುಟ್ಟಿದ ದಿಗಿಲಲ್ಲ, ಎಣ್ಣೆ ಹತ್ತಿದ ಚರ್ಮಕ್ಕೆ ಪ್ಲೇಟು ನಿಲ್ಲುವುದೇ ಇಲ್ಲ. ಅಮ್ಮ ಬಿಡಲಿಲ್ಲ. ನೆತ್ತಿ, ಬೆನ್ನು, ಕಾಲಿಗೆ ತಾವೇ ಎಣ್ಣೆ ಹಚ್ಚಿದರು. ಎದೆಯಿಂದ ತೊಡೆಯವರೆಗೆ ಹನಿಯೂ ಇಲ್ಲ. ಹಳೆಯ ಚೀಲ ಮೈಮೇಲಿರುವಾಗಲೇ ಸೀಗೆಪುಡಿ ಹಾಕಿ ಬಿಸಿನೀರು ಹೊಯ್ದೆವು. ಆಮೇಲೆ, ಕಾಫಿಗೂ ಮೊದಲು, ಚೀಲ ಬದಲಿಸಿದೆವು. ಖಾಲಿ ಹೊಟ್ಟೆಯಲ್ಲಿ ಸ್ಟೋಮಾ ಹೆಚ್ಚು ಸುರಿಸುವುದಿಲ್ಲ.

ಆ ಕೆಂಪು ತುಂಡು ತಾನೇ ಮಿಸುಕುತ್ತಿತ್ತು. ಮುಟ್ಟಿದರೆ ಅಪ್ಪಯ್ಯನಿಗೆ ನೋವಿಲ್ಲ. ಬೆರಳಿನ ಎಣ್ಣೆ ಹೋಗುವ ಹಾಗೆ ಕೈ ತೊಳೆದುಕೊಂಡು, ಸುತ್ತಲ ಚರ್ಮವನ್ನು ಬರಿಯ ನೀರಿನಲ್ಲಿ ಒರೆಸಿದೆ. ಮಲೆನಾಡಿನ ತೇವದಲ್ಲಿ ಟವೆಲ್ಲೂ ಪೂರ್ತಿ ಒಣಗಿರುವುದಿಲ್ಲವಾದ್ದರಿಂದ ಒಲೆಯ ಹತ್ತಿರ ಒಣಗಿಸಿಟ್ಟ ಹತ್ತಿಬಟ್ಟೆಯನ್ನು ಒತ್ತಿ ಒತ್ತಿ ಪಸೆ ತೆಗೆದೆ. ಪ್ಲೇಟನ್ನು ಅಂಗೈಗಳ ನಡುವೆ ಬೆಚ್ಚಗೆ ಮಾಡಿ, ಒಳಗಿನಿಂದ ಹೊರಗೆ ಒತ್ತಿ ಕೂರಿಸಿದೆ. ಅಪ್ಪಯ್ಯ ಅದರ ಮೇಲೆ ಕೈಯಿಟ್ಟು ಆರಾಮಕುರ್ಚಿಯಲ್ಲಿ ಒರಗಿದರು.

ಮಧ್ಯಾಹ್ನ ಮಂಡಗದ್ದೆ ದಾರಿಯ ಬಸ್ಸಿನಲ್ಲಿ ಶಿವಮೊಗ್ಗದ ಅಕ್ಕನ ಮನೆಗೆ ಹೊರಟೆವು. ಚೀಲ ಮೂರನೇ ಒಂದು ಭಾಗ ತುಂಬುವಷ್ಟರಲ್ಲೇ ಖಾಲಿ ಮಾಡಬೇಕು, ಭಾರ ಹೆಚ್ಚಿದರೆ ಪ್ಲೇಟು ಎಳೆಯುತ್ತದೆ. ಹಾಗಾಗಿ ಹೊರಡುವ ಮುನ್ನ ಚೀಲ ಖಾಲಿ ಮಾಡಿದ್ದರು. ಕತ್ತರಿಸಿಟ್ಟ ಇನ್ನೊಂದು ಪ್ಲೇಟು, ಚೀಲ, ಬಟ್ಟೆ ನನ್ನ ಕೈಚೀಲದಲ್ಲಿದ್ದವು. ತಿರುವುಗಳಲ್ಲಿ ಅವರ ಕೈ ಹೊಟ್ಟೆಗೆ ಹೋದಾಗೆಲ್ಲ, "ತುರಿಕೆ ಇದೆಯಾ?" ಎಂದು ಕೇಳುತ್ತಿದ್ದೆ. ಪ್ಲೇಟಿನಡಿ ತುರಿಕೆ, ಉರಿ ಶುರುವಾದರೆ ಸೋರುವ ತನಕ ಕಾಯಬಾರದು.

ಸಂಜೆ ಅಕ್ಕ ಎಲೆ ಹಾಕಿದಳು. ನಾರಿನ ಕಳಲೆ ಪಲ್ಯ ಬಿಟ್ಟು ಉಳಿದದ್ದನ್ನೆಲ್ಲ ಅಪ್ಪಯ್ಯ ನಿಧಾನವಾಗಿ ಅಗಿದು ಉಂಡರು. ಪಂಕ್ತಿ ಮುಗಿಯುವವರೆಗೂ ಕುಳಿತಿದ್ದರು. ಕೈ ತೊಳೆದು ಬಂದವರು ಭಾವನ ಹತ್ತಿರ, "ಹಬ್ಬ ಕಳೆದ ಮೇಲೆ ಅಡಿಕೆ ಮಂಡಿಗೆ ನಾನೇ ಬರುತ್ತೇನೆ" ಎಂದರು.