ಮೂರು ದಿನ ಹಳೆಯ ಕೋಡ್

ಬೆಳಿಗ್ಗೆಯಿಂದ ಒಂದೇ ಸಾಲನ್ನು ಏಳು ಸಲ ತಿದ್ದಿದೆ. ದೋಷ ಜಪ್ಪಯ್ಯ ಎಂದರೂ ಕದಲಲಿಲ್ಲ. ರೇಗಿ, ಕಡತದ ನಡುವೆ ಬೇಕೆಂದೇ ಅಸಂಬದ್ಧ ಅಕ್ಷರಗಳನ್ನು ತುರುಕಿದೆ. ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ಓಡಿತು! ಅಂದರೆ ನಾನು ತಿದ್ದುತ್ತಿದ್ದುದನ್ನು ಅದು ಓದುತ್ತಲೇ ಇರಲಿಲ್ಲ.

ಮೊದಲ ಅನುಮಾನ, ಪೈಥಾನ್ ಭಾಷೆ ಒಮ್ಮೆ ಅನುವಾದಿಸಿದ ಕೋಡನ್ನು ಮರುಬಳಕೆಗೆಂದು ಇಟ್ಟುಕೊಳ್ಳುವ ಕ್ಯಾಶ್ ಫೋಲ್ಡರಿನ ಮೇಲೆ. ಅಳಿಸಿದರೂ ಅದೇ ಕಥೆ. (ಪಾಪ, ಮೂಲ ಕಡತದ ಸಮಯವೋ ಗಾತ್ರವೋ ಬದಲಾದರೆ ಅದು ಸಾಮಾನ್ಯವಾಗಿ ತಾನೇ ಹೊಸದಾಗುತ್ತದೆ; ಸುಮ್ಮನೆ ಬೈಸಿಕೊಂಡಿತು.) ನಿಜವಾದ ಕಳ್ಳ, ಹಿನ್ನೆಲೆಯಲ್ಲಿ ಮೂರು ದಿನದಿಂದ ಓಡುತ್ತಿದ್ದ ಪ್ರಕ್ರಿಯೆ. ಒಮ್ಮೆ ಇಂಪೋರ್ಟ್ ಮಾಡಿದ (ಓದಿ ಒಳಗೆಳೆದುಕೊಂಡ) ಮಾಡ್ಯೂಲನ್ನು, ಅಂದರೆ ನನ್ನ ಕಡತದ ಹಳೆಯ ಕೋಡನ್ನು, ಮೆಮೊರಿಯಲ್ಲಿಟ್ಟುಕೊಂಡು ಡಿಸ್ಕಿನತ್ತ ತಿರುಗಿಯೂ ನೋಡಿರಲಿಲ್ಲ.

ರೀಸ್ಟಾರ್ಟ್ ಮಾಡಿದೊಡನೆ ಸಿಂಟ್ಯಾಕ್ಸ್ ಎರರ್: ನಾನು ತುರುಕಿದ ಅಸಂಬದ್ಧ ಅಕ್ಷರಗಳು ಕೊನೆಗೂ ಅದರ ಕಣ್ಣಿಗೆ ಬಿದ್ದವು. ಎರರ್ ಕಂಡು ಇಷ್ಟು ಹಿಗ್ಗಿದ್ದು ಇದೇ ಮೊದಲು. ಹೋದ ವಾರದ ಮಾತೊಂದನ್ನು ಹಿಡಿದುಕೊಂಡು ಗೆಳೆಯನೊಂದಿಗೆ ಇನ್ನೂ ಮುನಿಸಿಕೊಂಡಿರುವುದು ಏಕೋ ಆಗಲೇ ನೆನಪಾಯಿತು.