‘ಮಾಳಿಗಿ’ ಕವರ್: ಹನ್ನೊಂದನೇ ಟೇಕಿನ ತನಕ

ಜೂನ್ 8

ಹೊಸ ಹಾಡು ಹಿಡಿದಿದ್ದೇನೆ. ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’. ಒಂದು ಗಿಟಾರ್, ನನ್ನ ಗಂಟಲು, ಬೇಕಾದರೆ ಒಂಚೂರು ತಾಳ.

ಹೋದ ವರ್ಷ ಮಾಡಿದ್ದ ಮೂರು ಕವರ್‌ಗಳನ್ನು ಮೊನ್ನೆ ಕೂತು ಕೇಳಿದೆ. ಎಲ್ಲೂ ಅಪಸ್ವರ ಇಲ್ಲ, ತಾಳ ತಪ್ಪಿಲ್ಲ. ಆದರೂ ಮೂರೂ ಯಾಕೆ ಬೇಕಿತ್ತು ಅನಿಸಿತು. ಮೂಲದವರು ಚೆನ್ನಾಗಿ ಹಾಡಿದ್ದನ್ನು ನಾನು ಸ್ವಲ್ಪ ಕಮ್ಮಿ ಚೆನ್ನಾಗಿ ಹಾಡಿದ್ದೆ. ಅದನ್ನು ಯಾರಾದರೂ ಯಾಕೆ ಕೇಳಬೇಕು? ಮೂಲ ಎಲ್ಲೂ ಓಡಿಹೋಗಿಲ್ಲವಲ್ಲ.

ಈ ಸಲ ಸಿನಿಮಾ ಹಾಡು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಕವರ್‌ಗಳಿಗೆ ಅಂತಲೇ 31ಸಿ ಅನ್ನುವ ಸೆಕ್ಷನ್ ಇದೆ, 2012ರ ತಿದ್ದುಪಡಿಯಲ್ಲಿ ಬಂದಿದ್ದು. ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಕಾಯಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು. ನನ್ನ ಹಾಡು ಕೇಳುವವರು ಐವತ್ತು ಜನ ಸಿಕ್ಕರೆ ಹೆಚ್ಚು! ಇನ್ನೊಂದು ಮಜಾ ಅಂದರೆ, ರೆಕಾರ್ಡಿಂಗ್‌ಗೆ ತಾಂತ್ರಿಕವಾಗಿ ಬೇಕೇ ಬೇಕು ಅನ್ನುವಷ್ಟು ಬಿಟ್ಟರೆ ಹಾಡನ್ನು ಒಪ್ಪಿಗೆಯಿಲ್ಲದೆ ಬದಲಾಯಿಸುವ ಹಾಗಿಲ್ಲ. ಹಾಡಪ್ಪ, ಆದರೆ ನಿನ್ನದು ಮಾಡ್ಕೋಬೇಡ ಅಂದಂತಾಯಿತು.

ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳಿಗೆ ಆ ಕಾಟ ಇಲ್ಲ. ಜೊತೆಗೆ ಈ ಹಾಡಿಗೆ ‘ಮೂಲ ರೆಕಾರ್ಡಿಂಗ್’ ಅನ್ನುವುದೇ ಇಲ್ಲ. ಭಜನೆಯವರು ಏಕತಾರಿ ಹಿಡಿದು ಹಾಡುತ್ತಾರೆ. ಸಿ. ಅಶ್ವತ್ಥ್ ಹಾಡಿ ಮನೆಮನೆಗೆ ಮುಟ್ಟಿಸಿದರು. ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್ಮಿನಲ್ಲಿ ಗಿಟಾರ್, ಡ್ರಮ್ಸ್ ಹಾಕಿಸಿದರು. ಇಷ್ಟು ಜನರ ಕೈ ದಾಟಿ ಬಂದ ಹಾಡು ನನಗೂ ಒಂದು ಮೂಲೆ ಬಿಟ್ಟಿರಬಹುದು ಅಂತ ಧೈರ್ಯ.

ಜೂನ್ 15

ಮೊದಲ ಡೆಮೊ ಮುಗಿಯಿತು. ಡಿ ಮೈನರ್, ಬಿ ಫ್ಲಾಟ್, ಎಫ್, ಸಿ. ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸುತ್ತಿ ಸುತ್ತಿ ಬರುತ್ತವೆ. ನಿಮಿಷಕ್ಕೆ 92 ಬೀಟ್. ಹಿಂದೆ ಒಂದು ಶೇಕರ್.

ಗೆಳೆಯನೊಬ್ಬನಿಗೆ ಕಳಿಸಿದೆ. ‘ಕೆಫೆಯಲ್ಲಿ ಕಾಫಿ ಜೊತೆ ಬಿಟ್ಟಿ ಕೊಡುವ ಬಿಸ್ಕತ್ತಿನ ಹಾಗಿದೆ’ ಅಂದ. ಸಿಟ್ಟು ಬಂತು. ರಾತ್ರಿ ಮತ್ತೆ ಕೇಳಿದಾಗ ಸಿಟ್ಟು ಇಳಿಯಿತು, ಬಿಸ್ಕತ್ತು ಉಳಿಯಿತು.

ಅದಕ್ಕಿಂತ ಮುಜುಗರ ಆಗಿದ್ದು ಬೇರೆ ವಿಷಯಕ್ಕೆ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆಗೆದು ಒಂದು ಟ್ರ್ಯಾಕಿನಲ್ಲಿ ಅಶ್ವತ್ಥರ ದನಿ, ಅದರ ಕೆಳಗೆ ನನ್ನದು ಇಟ್ಟೆ. ವೇಗ ಸರಿಹೊಂದಿಸಿ ನೋಡಿದರೆ, ಅವರು ಉಸಿರು ತೆಗೆದುಕೊಂಡ ಕಡೆಯಲ್ಲೇ ನಾನೂ ತೆಗೆದುಕೊಂಡಿದ್ದೇನೆ. ‘ಅಜ್ಞಾನದಿಂದ’ ಅನ್ನುವಲ್ಲಿ ಅವರು ದನಿಗೆ ಕೊಟ್ಟ ಒತ್ತನ್ನೂ ಕೊಟ್ಟಿದ್ದೇನೆ. ಕೆಳಗೆ ಹೊಸ ಕಾರ್ಡ್, ಹೊಸ ಶೇಕರ್. ಮೇಲೆ ಮಾತ್ರ ಅವರದೇ ಉಸಿರು. ಅವರ ದನಿಯಲ್ಲಿದ್ದ ಕಸುವು ಮಾತ್ರ ನನ್ನ ಹತ್ತಿರ ಇಲ್ಲ. ತಾರಕಕ್ಕೆ ಹೋದ ಕೂಡಲೇ ನನ್ನ ಗಂಟಲು ಹಳೇ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ.

ಜೂನ್ 29

ಎರಡು ಭಾನುವಾರ ಬರೀ ಕಾರ್ಡ್ ಕೀಳುವುದರಲ್ಲಿ ಹೋಯಿತು.

ಗೆಳೆಯ ಹೇಳಿದ ಬಿಸ್ಕತ್ತು ಎಲ್ಲಿಂದ ಬಂತು ಅಂತ ಹುಡುಕಿದೆ. ಕಾರ್ಡ್ ಅನ್ನುವುದು ಸ್ವಲ್ಪ ಬಾಯಿಬಡುಕ. ಮೈನರ್ ನುಡಿಸಿದರೆ ಕೇಳುವವರಿಗೆ ‘ಈಗ ದುಃಖಪಡಿ’ ಅನ್ನುತ್ತದೆ. ಅಲ್ಲಿಂದ ಎಫ್ ಮೇಜರ್‌ಗೆ ಹೋದರೆ ‘ಪರವಾಗಿಲ್ಲ, ಎಲ್ಲ ಸರಿಹೋಗುತ್ತೆ’ ಅನ್ನುತ್ತದೆ. ಶರೀಫರ ಪದ ಇವೆರಡನ್ನೂ ಹೇಳುತ್ತಿಲ್ಲ. ಇನ್ನು ಧಾಟಿ ಎಲ್ಲೆಲ್ಲಿ ಕಾರ್ಡಿಗೆ ಒಗ್ಗಲಿಲ್ಲವೋ ಅಲ್ಲೆಲ್ಲ ನಾನು ಧಾಟಿಯನ್ನೇ ಬಗ್ಗಿಸಿದ್ದೆ. ಚಪ್ಪಲಿಗೆ ತಕ್ಕ ಹಾಗೆ ಕಾಲು ಕೊಯ್ದ ಕೆಲಸ.

ಕಾರ್ಡಿನಲ್ಲಿ ಈ ಬಾಯಿಬಡುಕತನ ಮಾಡುವುದು ಗಾಂಧಾರ, ಅಂದರೆ ಮೂರನೇ ಸ್ವರ ‘ಗ’. ಅದನ್ನು ತೆಗೆದರೆ ಉಳಿಯುವುದು ಸ ಮತ್ತು ಪ. ಅಂದರೆ ತಂಬೂರಿ. ಗಿಟಾರಿನಲ್ಲಿ ಇದಕ್ಕೊಂದು ದಾರಿ ಮೊದಲೇ ಇದೆ. ಆರನೇ ತಂತಿ, ಎರಡನೇ ತಂತಿ, ಒಂದನೇ ತಂತಿ, ಮೂರನ್ನೂ ಒಂದೊಂದು ಸ್ವರ ಇಳಿಸಿದರೆ ಡಿ-ಎ-ಡಿ-ಜಿ-ಎ-ಡಿ. 1960ರ ದಶಕದಲ್ಲಿ ಬ್ರಿಟನ್ನಿನ ಗಿಟಾರ್ ವಾದಕ ಡೇವಿ ಗ್ರಹಾಂ ಇದನ್ನು ಜನಪ್ರಿಯ ಮಾಡಿದರು. ನಮ್ಮ ಲೆಕ್ಕದಲ್ಲಿ ಓದಿದರೆ ಸ ಪ ಸ ಮ ಪ ಸ. ಮಧ್ಯಮದ ತಂತಿಯನ್ನು ಮೀಟದೆ ಬಿಟ್ಟರೆ ತಂಬೂರಿಗೆ ಇನ್ನೇನು ಬೇಕು ಹೇಳಿ.

ಆದರೆ ಡಿ ನನಗೆ ಎತ್ತರ. ಎಲ್ಲ ತಂತಿಗಳನ್ನೂ ಇನ್ನೊಂದು ಸ್ವರ ಇಳಿಸಿ ‘ಸಿ’ ಸ್ವರಕ್ಕೆ ತಂದೆ. ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಒಂದು. ತಂತಿ ಸಡಿಲಾಗಿ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ (ಫ್ರೆಟ್) ಬಡಿದು ಬುರ್ ಅನ್ನುತ್ತದೆ. ಮೊದಲು ಅದನ್ನು ಸರಿಮಾಡಲು ಹೊರಟೆ. ಆಮೇಲೆ ಏಕತಾರಿಯೂ ಹೀಗೇ ಬುರ್ ಅನ್ನುತ್ತದೆ ಅಲ್ವಾ ಅಂತ ನೆನಪಾಯಿತು. ಬಿಟ್ಟೆ.

ಈಗ ಹಾಡು ಆರು ನಿಮಿಷ ಆಗುತ್ತಿದೆ. ಜಾಸ್ತಿಯಾಯಿತು. ‘ಕರಕಿ ಹುಲ್ಲು’ ನುಡಿಯನ್ನು ಕೈಬಿಟ್ಟೆ. ನಾಲ್ಕೂಮುಕ್ಕಾಲಕ್ಕೆ ಬಂತು.

ಜುಲೈ 13

ಹೆಂಡತಿಯ ಊರಿಗೆ ಹೋಗಿದ್ದೆವು. ಗದಗಿನ ಹತ್ತಿರ. ಊಟ ಆದ ಮೇಲೆ ಸುಮ್ನೆ ಫೋನಿನಲ್ಲಿ ಡೆಮೊ ಹಾಕಿದೆ. ಮಾವ ಅರ್ಧ ಕೇಳಿ ಕೈ ಎತ್ತಿದರು.

‘ಮಾಳಿಗೆ ಅಂದ್ರ ಏನಪಾ?’

ನಾನು ತುಮಕೂರಿನವನು. ಬೆಳೆದಿದ್ದು ಹೆಂಚಿನ ಮನೆಯಲ್ಲಿ. ಹಾಡಿನ ಹೆಸರು ಬರೆಯುವಾಗ ‘ಮಾಳಿಗಿ’ ಅಂತ ಸರಿಯಾಗಿಯೇ ಬರೆಯುತ್ತೇನೆ, ಹಾಡುವಾಗ ಬಾಯಿಗೆ ‘ಮಾಳಿಗೆ’ ಬರುತ್ತದೆ. ‘ಮಾಳಿಗೆ ಸೋರೂದಿಲ್ಲ. ಮಾಳಿಗಿ ಸೋರ್ತದ’ ಅಂದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಮಾತು ಚುಚ್ಚಿತು.

ಆಮೇಲೆ ಓಣಿಯ ಕೊನೆಗಿದ್ದ ಒಂದು ಹಳೇ ಮನೆಗೆ ಕರೆದುಕೊಂಡು ಹೋದರು. ಈಗ ಅಲ್ಲಿ ಯಾರೂ ಇಲ್ಲ, ಹೊಟ್ಟು ತುಂಬಿಟ್ಟಿದ್ದಾರೆ. ಒಳಗೆ ನಿಂತು ಮೇಲೆ ನೋಡಿ ಅಂದರು. ಗೋಡೆಯಿಂದ ಗೋಡೆಗೆ ದಪ್ಪ ತೊಲೆ. ಅದರ ಮೇಲೆ ಅಡ್ಡಕ್ಕೆ ಸಾಲಾಗಿ ಜಂತಿ. ಜಂತಿಯ ಮೇಲೆ ಕಟ್ಟಿಗೆ ಸೀಳು, ಅದರ ಮೇಲೆ ಮಣ್ಣು. ಮಧ್ಯೆ ಒಂದು ಬೆಳಕಿಂಡಿ. ಹಾಡಿನಲ್ಲಿ ಬರುವ ‘ಮುರುಕು ತೊಲೆಯು ಹುಳುಕು ಜಂತಿ’ ನನ್ನ ತಲೆಯ ಮೇಲೇ ಇತ್ತು. ಒಂದು ಜಂತಿಯನ್ನು ಮಾವ ಕೋಲಿನಿಂದ ತಟ್ಟಿದರು. ಹಿಟ್ಟು ಉದುರಿತು. ಹುಳ ತಿಂದ ಮರದ ಹಿಟ್ಟು, ನನ್ನ ಅಂಗಿಯ ಕಾಲರಿನೊಳಗೆ.

ಇಷ್ಟು ವರ್ಷ ನನಗೆ ಈ ಹಾಡು ಅಂದರೆ ಮನೆ ಅಂದರೆ ದೇಹ, ಸೋರುವುದು ಅಂದರೆ ಅಜ್ಞಾನ, ಅಷ್ಟೇ. ಶಾಲೆಯಲ್ಲಿ ಹಾಗೇ ಹೇಳಿಕೊಟ್ಟಿದ್ದರು. ತಪ್ಪಲ್ಲ. ಆದರೆ ಮಾವ ಮಾತಾಡಿದ್ದು ಬರೀ ಮನೆಯ ಬಗ್ಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಹಾಕಿ ತುಳಿಯಬೇಕು. ಅಲ್ಲಿ ಹುಲ್ಲು ಹುಟ್ಟಿದರೆ ಆಗಾಗ ಕಿತ್ತು ಹಾಕಬೇಕು. ಬಿಟ್ಟರೆ ಬೇರು ಇಳಿದು ಮಣ್ಣು ಬಿರಿಯುತ್ತದೆ, ಇರುವೆ ಗೂಡು ಕಟ್ಟುತ್ತದೆ, ನೀರಿಗೆ ದಾರಿ ಸಿಗುತ್ತದೆ. ಹುಲ್ಲಿನ ಬಗ್ಗೆ ಬಹಳ ಹೊತ್ತು ಹೇಳಿದರು. ನನ್ನ ಗಮನ ಜಂತಿಯ ಮೇಲಿತ್ತು.

‘ಮಳಿ ಹತ್ತಿದ್ರ ಯಾರರ ಒಬ್ರು ಮ್ಯಾಲ ಹೋಗಿ ಸೋರೂ ಕಡೆ ತುಳದು ಬರ್ಬೇಕು. ಕತ್ತಲಾಗ ಎಲ್ಲಿ ಜಂತಿ ಗಟ್ಟಿ ಅದ, ಎಲ್ಲಿ ಇಲ್ಲ, ಹ್ಯಾಂಗ ಗೊತ್ತಾಗಬೇಕು? ಕಾಲಿಟ್ಟಲ್ಲೇ ಕುಸದ್ರ ಮುಗೀತು.’

‘ಕಾಳಕತ್ತಲೆಯೊಳಗೆ ನಾನು ಮೇಲಕೇರಿ ಹೋಗಲಾರೆ.’ ಈ ಸಾಲನ್ನು ನಾನು ಇಷ್ಟು ದಿನ ಎದೆ ಉಬ್ಬಿಸಿ ಹಾಡುತ್ತಿದ್ದೆ. ಹೆದರಿ ಕೂತ ಮನುಷ್ಯನ ಮಾತನ್ನು.

ಜುಲೈ 20

ತಾಳ ತಪ್ಪದಿರಲಿ ಅಂತ ಕಿವಿಗೆ ಹಾಕಿಕೊಳ್ಳುವ ಟಿಕ್ ಟಿಕ್ ಸದ್ದು, ಕ್ಲಿಕ್ ಟ್ರ್ಯಾಕ್, ಅದನ್ನು ತೆಗೆದೆ. ಹಾಡಿದ ಮೇಲೆ ಲೆಕ್ಕ ಹಾಕಿದರೆ ವೇಗ ನಿಮಿಷಕ್ಕೆ 58ರಿಂದ 64ರ ನಡುವೆ ಓಲಾಡುತ್ತಿದೆ. ಇರಲಿ.

‘ಹೋಗಲಾರೆ’ ಈಗ ಕೆಳಗೆ ಇಳಿಯುತ್ತದೆ, ಮಂದ್ರದಲ್ಲಿ, ಹೆಚ್ಚುಕಡಿಮೆ ಮಾತಿನ ಹಾಗೆ. ಧಾಟಿಯಲ್ಲಿ ನಾನು ಬದಲಾಯಿಸಿದ್ದು ಇದೊಂದೇ ಜಾಗ. ಇನ್ನೊಂದು ಬದಲಾವಣೆ ಗಂಟಲೇ ಮಾಡಿತು. ಉಸಿರು ಸಾಲದೆ ‘ಸೋರುತಿಹುದು’ ಆದ ಮೇಲೆ ನಿಲ್ಲುತ್ತೇನೆ. ಒಂದು ಕ್ಷಣ ಬರೀ ತಂತಿ. ಆಮೇಲೆ ‘ಮನೆಯ ಮಾಳಿಗಿ’. ಏನೋ ಸೋರುತ್ತಿದೆ ಅಂತ ಗೊತ್ತಾಗಿ, ಏನು ಅಂತ ತಲೆ ಎತ್ತಿ ನೋಡುವ ಹೊತ್ತು. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಯೋಚಿಸಿ ಮಾಡಿದ್ದೆಲ್ಲ ಜೂನ್ 15ರ ಡೆಮೊದಲ್ಲಿದೆ.

ಪದ ಬದಲಾಯಿಸಬಹುದಾ ಅಂತಲೂ ಯೋಚಿಸಿದೆ, ಹಾಡಿನಲ್ಲಿ ಬರುವ ‘ದಾರುಗಟ್ಟಿ’ ಈಗ ಎಷ್ಟು ಜನಕ್ಕೆ ಅರ್ಥವಾಗುತ್ತದೆ ಅಂತ. ನೈನ್ ಇಂಚ್ ನೇಲ್ಸ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ 1994ರ ‘ಹರ್ಟ್’ ಹಾಡನ್ನು ಅಲ್ಲಿನ ಹಿರಿಯ ಗಾಯಕ ಜಾನಿ ಕ್ಯಾಶ್ 2002ರಲ್ಲಿ ಹಾಡಿದಾಗ ಕಿರೀಟದ ಸಾಲಿನ ಒಂದು ಹೊಲಸು ಪದ ತೆಗೆದು ಅದನ್ನು ಮುಳ್ಳಿನ ಕಿರೀಟ ಮಾಡಿದರು. 70ರ ಮುದುಕ, ಭಕ್ತ. ಅವರ ಬಾಯಿಗೆ ಅದು ಒಪ್ಪುತ್ತದೆ. ನನಗೆ ‘ಮಾಳಿಗಿ’ ಒಂದನ್ನು ಸರಿಯಾಗಿ ಹೇಳಲು ಇಷ್ಟು ದಿನ ಬೇಕಾಯಿತು. ದಾರುಗಟ್ಟಿಯನ್ನು ಮುಟ್ಟಲಿಲ್ಲ.

ಆಗಸ್ಟ್ 3

ಹಿತ್ತಾಳೆ ಪಾತ್ರೆ, ಸ್ಟೀಲ್ ಬೋಗುಣಿ, ಪ್ಲಾಸ್ಟಿಕ್ ಬಕೆಟ್. ಮೂರಕ್ಕೂ ನೀರು ತೊಟ್ಟಿಕ್ಕಿಸಿ ರೆಕಾರ್ಡ್ ಮಾಡಿ ಅದರಲ್ಲೇ ತಾಳ ಕಟ್ಟಿದೆ. ಮಧ್ಯಾಹ್ನವೆಲ್ಲ ನನ್ನಷ್ಟು ಜಾಣ ಇಲ್ಲ ಅನಿಸಿತ್ತು. ಸಂಜೆ ಹೆಂಡತಿ ಕೇಳಿ, ಪ್ಲಂಬರ್ ನಂಬರ್ ಬೇಕಾ ಅಂದಳು. ತೆಗೆದೆ. ಒಂದೇ ಒಂದು ಹನಿ ಉಳಿಸಿಕೊಂಡಿದ್ದೇನೆ, ಎರಡನೇ ನುಡಿಯ ಮುಂಚೆ, ಹಿತ್ತಾಳೆಯದ್ದು. ಅದೂ ಹೋಗಬಹುದು.

ಆಗಸ್ಟ್ 17

ಐದು ಟೇಕ್. ಒಂದರಲ್ಲಿ ಪ್ರೆಷರ್ ಕುಕ್ಕರ್, ಎರಡರಲ್ಲಿ ನಾಯಿ, ಇನ್ನೆರಡರಲ್ಲಿ ನಾನೇ ಸರಿಯಿಲ್ಲ.

ಆಗಸ್ಟ್ 31

ಹುಬ್ಬೆ ಮಳೆ ಶುರುವಾಗಿದೆ. ಶರೀಫರ ಹಾಡಿನಲ್ಲಿ ಬರುವುದೂ ಇದೇ, ‘ಬಂತು ಕಾಣೆ ಹುಬ್ಬಿ ಮಳೆಯು’. ಇವತ್ತೇ ಮುಗಿಸಿದರೆ ಚೆಂದ ಅಂತ ಆಸೆಪಟ್ಟೆ. ನಾವಿರುವುದು ಮೇಲಿನ ಮಹಡಿಯಲ್ಲಿ, ಬಾಲ್ಕನಿಗೆ ತಗಡಿನ ಶೀಟ್. ಮಳೆ ಬಂದರೆ ಮೈಕಿನಲ್ಲಿ ಬೇರೇನೂ ಕೇಳುವುದಿಲ್ಲ. ಬೀರು ತೆರೆದು ಸೀರೆಗಳ ನಡುವೆ ತಲೆ ತೂರಿಸಿ ಹಾಡಿದೆ. ಹನ್ನೊಂದನೇ ಟೇಕ್. 80 ಹರ್ಟ್ಜ್ ಕೆಳಗಿನ ತಗ್ಗಿನ ಸದ್ದನ್ನೆಲ್ಲ ಕತ್ತರಿಸಿದ ಮೇಲೂ ಹಿಂದೆ ಸಣ್ಣಗೆ ಒಂದು ಮೊರೆತ ಉಳಿದಿದೆ. ಗಿಟಾರಿನ ಬುರ್ ಜೊತೆ ಸೇರಿಹೋಗಿದೆ.

ಮಾವನಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು. ಹಾಡಿದ್ದು ಹೇಗಿದೆ ಅಂತ ಒಂದು ಮಾತೂ ಇಲ್ಲ.

‘ಕರಕಿ ಹುಲ್ಲು ಎಲ್ಲಿ ಹೋತು?’

ಉದ್ದ ಆಯಿತು ಅಂತ ಬಿಟ್ಟೆ ಅಂದೆ. ‘ಹುಲ್ಲ ಇಲ್ಲಂದ್ರ ಮಾಳಿಗಿ ಯಾಕ ಸೋರತೈತಿ?’ ಅಂದರು.

ಉತ್ತರ ಇರಲಿಲ್ಲ. ಆ ನುಡಿ ಹಾಡಬೇಕು. ಒಂದೇ ನುಡಿಯನ್ನು ಆಮೇಲೆ ಅಂಟಿಸಿದರೆ ಹಿಂದಿನ ಮಳೆಯ ಸದ್ದು ಕೂಡುವುದಿಲ್ಲ, ಆದ್ದರಿಂದ ಮೊದಲಿನಿಂದ. ಗಿಟಾರಿನ ತಂತಿ ಜೂನ್‌ನಿಂದ ಬದಲಾಯಿಸಿಲ್ಲ, ಮೂರನೆಯದು ಕಪ್ಪಾಗಿದೆ. ಹೊಸದು ಹಾಕಿದರೆ ಬುರ್ ಹೋದೀತು ಅಂತ ಭಯ. ಹಳೆಯದರಲ್ಲೇ ಹಾಡುತ್ತೇನೆ, ಮಳೆ ಇನ್ನೂ ಹತ್ತು ದಿನ ಇರುತ್ತದೆ.